ಶುಲ್ಕವಿಲ್ಲದ ಗಣಿತ ತಂತ್ರಾಂಶ: ವೆಚ್ಚ ಯಾರ ಲೆಕ್ಕಕ್ಕೆ?

ಅಮೆರಿಕದ ಗಣಿತಜ್ಞ ವಿಲಿಯಂ ಸ್ಟೈನ್ 2005ರಲ್ಲಿ ‘ಸೇಜ್’ ತಂತ್ರಾಂಶವನ್ನು ಆರಂಭಿಸಿದಾಗ ಎಲ್ಲವನ್ನೂ ಹೊಸದಾಗಿ ಬರೆಯಲು ಹೊರಡಲಿಲ್ಲ. ಬೀಜಗಣಿತಕ್ಕೆ ‘ಮ್ಯಾಕ್ಸಿಮಾ’, ಸಂಖ್ಯಾಸಿದ್ಧಾಂತಕ್ಕೆ ‘ಪಾರಿ’, ಸಂಖ್ಯಾಶಾಸ್ತ್ರಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಆರ್’ – ಹೀಗೆ ಇದ್ದವನ್ನೇ ಪೈಥಾನ್ ಭಾಷೆಯ ಮೂಲಕ ಜೋಡಿಸುವ ಮಾರ್ಗವನ್ನು ಹಿಡಿದರು.

ಇದಕ್ಕೆ ಅವಕಾಶವಿತ್ತದ್ದು ಜಿಪಿಎಲ್ ಪರವಾನಗಿ. ಅದರನ್ವಯ ವ್ಯಾಪಾರಕ್ಕೆ ಬಳಸಿದರೂ ಪರವಾನಗಿ ಶುಲ್ಕವಿಲ್ಲ. ಆದರೆ ತಂತ್ರಾಂಶವನ್ನು ಮಾರ್ಪಡಿಸಿ ಇತರರಿಗೆ ಮಾರುವವರು ಮೂಲಸಂಕೇತವನ್ನೂ ಒದಗಿಸತಕ್ಕದ್ದು. ವರ್ತಕರು ಓದದೆ ಬಿಡುವ ಕಲಮು ಇದೇ.

ಆದರೂ ಈ ಬೆಸುಗೆಯ ಕೆಲಸಕ್ಕೆ ಸಂಬಳವನ್ನು ಯಾರಾದರೂ ಕೊಡಲೇಬೇಕು. ಐರೋಪ್ಯ ಒಕ್ಕೂಟವು 2015ರಿಂದ 2019ರವರೆಗೆ ‘ಓಪನ್‌ಡ್ರೀಮ್‌ಕಿಟ್’ ಯೋಜನೆಯಡಿ ಸೇಜ್, ಗ್ಯಾಪ್, ಪಾರಿ, ಜುಪಿಟರ್ ತಂಡಗಳ ಸಹಯೋಗಕ್ಕೆ ಸುಮಾರು 76 ಲಕ್ಷ ಯೂರೋ ನೀಡಿತು. ಸ್ಟೈನ್ ಅವರಾದರೋ ಸ್ವಂತ ಕಂಪೆನಿಯನ್ನು ಸ್ಥಾಪಿಸಿ, 2019ರಲ್ಲಿ ಪ್ರಾಧ್ಯಾಪಕ ಹುದ್ದೆಯನ್ನೇ ತೊರೆದರು.