ಲಂಡನ್ನಿನ ಬೇಸಗೆಯಲ್ಲಿ ಒಂದು ವಾರ

ಜಾವಳಿಯಲ್ಲಿ ಹುಟ್ಟಿದ ಹೇಮಾವತಿಯು ಕಾವೇರಿಯನ್ನು ಸೇರುವುದನ್ನು ವಾಚಕರು ಬಲ್ಲರು. ಅದೇ ಸೀಮೆಯ ನಾವು ಸೇರಿದ್ದು ಥೇಮ್ಸ್ ನದಿಯ ದಡವನ್ನು.

ಜೂನ್ ತಿಂಗಳಲ್ಲಿ ಮಲೆನಾಡಿಗೆ ಮಳೆ ಹಿಡಿಯುವಾಗ ಲಂಡನ್ನಿಗೆ ಬೇಸಗೆ. ರಾತ್ರಿ ಒಂಬತ್ತಾದರೂ ಸೂರ್ಯನು ಮುಳುಗನು. ಮಕ್ಕಳನ್ನು ಮಲಗಿಸುವುದೇ ತಾಯಂದಿರಿಗೊಂದು ಸಾಹಸ! ವಾರದ ಐದು ದಿನಗಳು ಕಚೇರಿ, ಶಾಲೆ, ನೆಲದೊಳಗಣ ರೈಲು, ಇಷ್ಟರಲ್ಲೇ ಸವೆಯುವುವು. ಶನಿವಾರ ಲ್ಯಾಂಬೆತ್‌ನಲ್ಲಿ ಹೊಳೆಯ ದಡದ ಬಸವೇಶ್ವರರ ಪ್ರತಿಮೆಯನ್ನು ಕಂಡು, ಸಮೀಪದಲ್ಲೇ ಬುತ್ತಿ ಬಿಚ್ಚಿದೆವು. 2015ರ ನವೆಂಬರ್ 14ರಂದು ಅನಾವರಣಗೊಂಡ ಪ್ರತಿಮೆಯದು.

ಭಾನುವಾರ ಕ್ಯೂ ಉದ್ಯಾನಕ್ಕೆ ಹೋದೆವು. 1848ರಲ್ಲಿ ಕಟ್ಟಿ ಮುಗಿಸಿದ ಗಾಜಿನ ಮನೆಯೊಳಗೆ, ತಾಳೆಗಳ ನಡುವೆ ಒಂದು ಕಾಫಿಗಿಡ! ನಮ್ಮಲ್ಲಿ ಮರದ ನೆರಳೊಂದಿದ್ದರೆ ಸಾಕೆನ್ನುವ ಗಿಡಕ್ಕೆ ಇಲ್ಲಿ ಕಾಯಿಸಿದ ಗಾಳಿ, ಹೆಸರಿನ ಫಲಕ. ಆರು ವರುಷದ ಮಗಳು ಇಂಗ್ಲಿಷಿನಲ್ಲಿಯೇ ಕೇಳಿದಳು, ಇದು ಅಜ್ಜಯ್ಯನ ಮನೆಯ ಗಿಡವೇ ಎಂದು.

ಊರಿನ ಗಡಿಯಾರ ನಾಲ್ಕೂವರೆ ಗಂಟೆ ಮುಂದು. ಆದುದರಿಂದ ಮಧ್ಯಾಹ್ನವೇ ದೂರವಾಣಿ ಮಾಡಿದೆವು. "ಚಿಗುರು ತೆಗೆದಿದ್ದಾರೇನಮ್ಮ?" ಎಂದರು ಅಜ್ಜಯ್ಯ. ಮಗಳು ನಮ್ಮ ಮುಖ ನೋಡಿದಳು. ಚಿಗುರೆಂಬ ಮಾತನ್ನು ನಾವು ಅವಳಿಗೆ ಕಲಿಸಿಯೇ ಇರಲಿಲ್ಲ. ಎಲೆಯನ್ನು ತೋರಿಸಿ ಅಲ್ಲಿಯೇ ಹೇಳಿಕೊಟ್ಟೆವು. "ತೆಗೆದಿಲ್ಲ ಅಜ್ಜಯ್ಯ, ಚಿಗುರು ತುಂಬಾ ಇದೆ," ಎಂದು ಅವಳು ಕೂಗಿ ಹೇಳಿದಳು. ಜಾವಳಿಯ ಮಳೆಯ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿದಳು.