ದುಃಖದ ದಿನಗಳಿಗೆ ಸೂಜಿ-ದಾರದ ಆಸರೆ

ಕಸೂತಿ, ಕ್ರೋಷಾ ಎಂದರೆ ಬಿಡುವಿದ್ದವರ ಹವ್ಯಾಸ ಎನ್ನುವವರುಂಟು. ಆದರೆ ಮನೆಯಲ್ಲಿ ದೊಡ್ಡ ಬದಲಾವಣೆ ಬಂದು ಮನಸ್ಸು ಎಲ್ಲಿಯೂ ನಿಲ್ಲದಂತಾದಾಗ ಅದೇ ಸೂಜಿ-ದಾರ ಹೇಗೆ ಕೈಹಿಡಿಯುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಮಗಳನ್ನು ಮದುವೆ ಮಾಡಿ ಕಳಿಸಿದಾಗ, ಹುಟ್ಟಿ ಬೆಳೆದ ಊರು ಬಿಡಬೇಕಾದಾಗ, ಜತೆಗಿದ್ದ ಜೀವ ಇಲ್ಲವಾದಾಗ, ಬೆಳಗಿನಿಂದ ದುಡಿಯುವ ಗೃಹಿಣಿಯ ಕೈ ಒಮ್ಮೆಲೇ ಬರಿದಾಗುತ್ತದೆ ಅಲ್ಲವೇ?

ನಮ್ಮ ಯಜಮಾನರು ತೀರಿಕೊಂಡಾಗ ನನಗೆ 43 ವರ್ಷ. ವೈಕುಂಠ ಸಮಾರಾಧನೆ ಮುಗಿದು ನೆಂಟರಿಷ್ಟರು ಹೊರಟ ಮೇಲೆ ಮೈಸೂರಿನ ಮನೆಯಲ್ಲಿ ಉಳಿದದ್ದು ನಾನು, ಎಸ್.ಎಸ್.ಎಲ್.ಸಿ. ಓದುವ ಮಗಳು ಇಬ್ಬರೇ. ಅವಳು ಶಾಲೆಗೆ ಹೋದರೆ ಸಂಜೆಯವರೆಗೂ ಹೊತ್ತು ಬೆಟ್ಟದಷ್ಟಾಗುತ್ತಿತ್ತು. ಆಗ ಪಕ್ಕದ ಮನೆಯ ಧಾರವಾಡದ ಹಿರಿಯರೊಬ್ಬರು ಬಂದು ಕೂತರು. ಸಮಾಧಾನದ ಮಾತೇನೂ ಆಡಲಿಲ್ಲ. “ಸುಮ್ನ ಕೂತ್ರ ಹ್ಯಾಂಗ ತಂಗಿ? ಒಂದೀಟು ಇದನ್ನ ಹಿಡಿ” ಅಂತ ಸೂಜಿ ಕೈಗೆ ಕೊಟ್ಟರು.

ಅವರು ಕಲಿಸಿದ್ದು ಇಳಕಲ್ ಸೀರೆಗೆ ಹಾಕುವ ಉತ್ತರ ಕರ್ನಾಟಕದ ಕಸೂತಿ. ಇದರಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳುಂಟು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ತೇರು, ಗೋಪುರ, ಆನೆ, ನವಿಲು ಮೂಡಿಸಬೇಕು. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿಯಲ್ಲಿ ಹೋಗುವಾಗ ಒಂದೊಂದು ಹೊಲಿಗೆಯ ಜಾಗ ಬಿಟ್ಟು ಹೋಗಿ, ಅದೇ ದಾರಿಯಲ್ಲಿ ಮರಳುತ್ತ ಬಿಟ್ಟ ಜಾಗ ತುಂಬಬೇಕು. ಆಗಲೇ ಎರಡು ಮಗ್ಗುಲೂ ಒಂದೇ ರೀತಿ ಕಾಣುವುದು. ಎಣಿಕೆಯಲ್ಲಿ ಮನಸ್ಸಿಟ್ಟರೆ ಬೇರೆ ಯೋಚನೆ ಅಷ್ಟು ಹೊತ್ತು ದೂರ ನಿಲ್ಲುತ್ತದೆ. ದುಃಖ ಮರೆಯುತ್ತದೆ ಎಂದಲ್ಲ, ಉಸಿರಾಡಲು ಸ್ವಲ್ಪ ಜಾಗ ಸಿಗುತ್ತದೆ.

ಕೆಂಪು ದಾರ ನೋಡಿ ನೆಂಟರೊಬ್ಬರು “ಇನ್ನು ನಿನಗೆ ಬಣ್ಣ ಯಾಕಮ್ಮ?” ಅಂದರು. ನಾನು ಉತ್ತರ ಕೊಡದೆ ತೇರಿನ ಕಳಶ ಮುಗಿಸಿದೆ.

ಕಷ್ಟಕಾಲದಲ್ಲಿ ಸೂಜಿ ಹಿಡಿದವರು ನಾವೇ ಮೊದಲಲ್ಲ. ಸ್ಕಾಟ್ಲೆಂಡಿನ ರಾಣಿ ಮೇರಿ 1568ರಿಂದ 1587ರವರೆಗೆ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದಾಗ ಹಾಕಿದ ಕಸೂತಿ ಇಂದಿಗೂ ಉಳಿದಿದೆ. 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೆಟ್ಟು ಭೀಕರ ಕ್ಷಾಮ ಬಂದಾಗ ಎಷ್ಟೋ ಸಂಸಾರಗಳ ಹೊಟ್ಟೆ ತುಂಬಿಸಿದ್ದು ಹೆಂಗಸರು ಹೆಣೆದ ಕ್ರೋಷಾ ಲೇಸು.

ರಾತ್ರಿ ದೀಪದಲ್ಲಿ ಎಳೆ ಎಣಿಸುವುದು ಕಷ್ಟ, ಆಗ ಕ್ರೋಷಾ ವಾಸಿ. ತಪ್ಪಿದರೆ ದಾರ ಎಳೆದು ಬಿಚ್ಚಿ ಮತ್ತೆ ಹೆಣೆಯಬಹುದು, ಏನೂ ನಷ್ಟವಿಲ್ಲ. ಹೊಸಬರು ಹೀಗೆ ಶುರು ಮಾಡಿ: 6 ಚೈನ್ ಹಾಕಿ ಉಂಗುರ ಮಾಡಿ. 3 ಚೈನ್ ಮೇಲೇರಿಸಿ, ಅದನ್ನೂ ಒಂದು ಟ್ರೆಬಲ್ ಎಂದು ಎಣಿಸಿ, ಉಂಗುರದೊಳಗೆ ಇನ್ನೂ 15 ಟ್ರೆಬಲ್ ಹಾಕಿ ಸುತ್ತು ಮುಗಿಸಿ. ಮುಂದಿನ ಸುತ್ತಿನಲ್ಲಿ ಪ್ರತಿ ಟ್ರೆಬಲ್ ಮೇಲೂ ಒಂದು ಟ್ರೆಬಲ್, ನಡುವೆ 2 ಚೈನ್. ಲೋಟದಡಿ ಇಡುವ ಪುಟ್ಟ ಮ್ಯಾಟ್‌ಗೆ ಇದೇ ಆರಂಭ. ವರ್ಷಾಬ್ದಿಕ ಕಳೆದ ಮೇಲೆ ಬಂದ ದಸರೆಗೆ ಮಗಳು ಗೊಂಬೆ ಕೂರಿಸಿದಾಗ ಪಟ್ಟದ ಗೊಂಬೆಗಳ ಕೆಳಗೆ ಹಾಸಿದ್ದು ನಾನು ಹೆಣೆದ ಇಂಥದೇ ಒಂದು ದೊಡ್ಡ ಮ್ಯಾಟ್.

ಕೆಲವು ಸಲಹೆಗಳು: ಮೊದಲಿಗೇ ಮಂಚದ ಹೊದಿಕೆಗೆ ಕೈಹಾಕಬೇಡಿ, ಒಂದು ವಾರದಲ್ಲಿ ಮುಗಿಯುವ ಕೆಲಸ ಆರಿಸಿಕೊಳ್ಳಿ. ಕಸೂತಿ ಕಲಿಯಲು ಎಳೆ ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆ ಒಳ್ಳೆಯದು. ನಲವತ್ತು ದಾಟಿದವರು ಕಣ್ಣು ತೋರಿಸಿಕೊಳ್ಳಿ. ಆಗಾಗ ಎದ್ದು ಕುತ್ತಿಗೆ, ಬೆರಳು ಸಡಿಲಿಸಿ.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸಿದರೆ ಸೂಜಿ-ದಾರವೊಂದೇ ಸಾಲದು. ವೈದ್ಯರನ್ನು ಕಾಣಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಇದರಲ್ಲಿ ನಾಚಿಕೆಯೇನೂ ಇಲ್ಲ.

ನಿಮ್ಮ ಬೀದಿಯಲ್ಲಿ ಇಂಥ ದಿನಗಳನ್ನು ಕಳೆಯುತ್ತಿರುವವರು ಇದ್ದರೆ ಒಂದು ಉಂಡೆ ದಾರ, ಒಂದು ಕಡ್ಡಿ ಹಿಡಿದು ಹೋಗಿ. ಹೆಚ್ಚು ಮಾತು ಬೇಡ. ಜತೆಯಲ್ಲಿ ಕೂತು ಮೊದಲ ನಾಲ್ಕು ಚೈನ್ ಹಾಕಿಕೊಡಿ, ಸಾಕು.