ಎರೆಮಣ್ಣಿನ ಒಳಗಿನ ಜೇಡಿ ಯಾವುದು?

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ 12 ಅಂಶಗಳನ್ನು ಹೇಳುತ್ತದೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಐದು ಲಘು ಪೋಷಕಾಂಶಗಳು, ರಸಸಾರ, ಲವಣಾಂಶ ಮತ್ತು ಸಾವಯವ ಇಂಗಾಲ. ಜೇಡಿಯ ಸುದ್ದಿ ಅದರಲ್ಲಿಲ್ಲ. ರಾಯಚೂರು ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯಲ್ಲಾಗಲಿ, ನಾರಾಯಣಪುರ ಬಲದಂಡೆಯ ನೀರು ಕಂಡ ದೇವದುರ್ಗದಲ್ಲಾಗಲಿ, ಬಿಟ್ಟ ನೀರು ಕೆಳಕ್ಕೆ ಇಳಿಯುತ್ತದೋ ನಿಂತು ಹೊಲವನ್ನು ಸವಳು ಮಾಡುತ್ತದೋ ಎಂಬುದು ಬಹುಪಾಲು ಈ ಜೇಡಿಯ ಗುಣಕ್ಕೆ ಸೇರಿದ್ದು. ಆದ್ದರಿಂದ ಜೇಡಿ ಖನಿಜ ಗುರುತಿಸುವ ವಿದ್ಯೆಯನ್ನು ಈ ಭಾಗದ ಮಣ್ಣು ಪರೀಕ್ಷಕರಿಗೆ ಕೈಯಾರೆ ಮಾಡಿಸಿ ಕಲಿಸಬೇಕು. ಮಾದರಿಯನ್ನು ದೂರದ ಊರಿಗೆ ಕಳಿಸಿ ವರದಿಗೆ ಕಾಯ್ದರೆ ಸಾಲದು.

ಎರಡು ಮೈಕ್ರಾನ್‌ಗಿಂತ ಸಣ್ಣ ಕಣವೆಲ್ಲ ಲೆಕ್ಕಕ್ಕೆ ಜೇಡಿಯೇ. ಆದರೆ ಮಸಾರಿ ನೆಲದಲ್ಲಿ ಸಾಮಾನ್ಯವಾಗಿ ಸಿಗುವ ಕೆಯೊಲಿನೈಟ್‌ನ ಪದರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿರುತ್ತವೆ, ನೀರು ಒಳಗೆ ನುಸುಳುವುದಿಲ್ಲ. ಎರೆ ನೆಲದ ಸ್ಮೆಕ್ಟೈಟ್ ಹಾಗಲ್ಲ. ನೀರು ಕಂಡೊಡನೆ ಅದರ ಪದರಗಳು ಸರಿದು ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಪೋಷಕ ಅಯಾನುಗಳನ್ನು ಹಿಡಿದಿಡುವ ಶಕ್ತಿ ಕೆಯೊಲಿನೈಟ್‌ಗೆ ಕಿಲೋಗೆ 3ರಿಂದ 15 ಸೆಂಟಿಮೋಲ್, ಸ್ಮೆಕ್ಟೈಟ್‌ಗೆ ಸುಮಾರು 80ರಿಂದ 120. ಶೇಕಡಾ 40 ಜೇಡಿ ಎಂದು ಬರೆದ ಎರಡು ವರದಿಗಳ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಹೊಲಗಳಿರಬಹುದು.

ಆ ಶಕ್ತಿಯನ್ನೇ ನೇರವಾಗಿ ಅಳೆದರಾಯಿತು, ಖನಿಜದ ಹೆಸರು ಕಟ್ಟಿಕೊಂಡು ಏನಾಗಬೇಕು ಎಂದು ಯಾರಾದರೂ ಕೇಳಬಹುದು. ಕೆಟ್ಟ ಹೊಲ ತಿದ್ದಲು ಜಿಪ್ಸಂ ಎಷ್ಟು ಬೇಕೆಂದು ಲೆಕ್ಕ ಹಾಕಲು ಆ ಅಳತೆಯ ಜೊತೆ ವಿನಿಮಯಗೊಳ್ಳುವ ಸೋಡಿಯಂ ಪ್ರಮಾಣ ಗೊತ್ತಿದ್ದರೆ ಸಾಕು ಎಂಬುದೂ ನಿಜ. ಆದರೆ ಹೊಲ ಕೆಡಲು ಶುರುವಾಗುವುದು ಯಾವಾಗ ಎಂಬುದನ್ನು ಅದು ಹೇಳದು. ವಿನಿಮಯಗೊಳ್ಳುವ ಸೋಡಿಯಂ ಶೇಕಡಾ 15 ದಾಟಿದರೆ ಕ್ಷಾರ ಮಣ್ಣು ಎಂಬ ಗೆರೆಯನ್ನು ಅಮೆರಿಕದ ಲವಣ ಪ್ರಯೋಗಾಲಯ 1954ರಲ್ಲಿ ಎಳೆಯಿತು. ವಿದರ್ಭದ ಪೂರ್ಣಾ ಕಣಿವೆಯ ಎರೆಭೂಮಿಯನ್ನು ಪರಿಶೀಲಿಸಿದ ನಮ್ಮ ವಿಜ್ಞಾನಿಗಳಿಗೆ, ಸ್ಮೆಕ್ಟೈಟ್ ತುಂಬಿದ ಮಣ್ಣಿನಲ್ಲಿ ಶೇಕಡಾ 5 ದಾಟಿದಾಗಲೇ ನೀರು ಬಸಿಯುವುದು ಕುಂಠಿತವಾಗುವುದು ಕಂಡಿತು. ಮಾನ್ವಿಯ ಭತ್ತದ ಗದ್ದೆಗೆ ಯಾವ ಗೆರೆ ಹೊಂದುತ್ತದೆ ಎಂದು ತೀರ್ಮಾನಿಸಲು ಒಳಗಿನ ಖನಿಜ ಗೊತ್ತಿರಲೇಬೇಕು.

ಕೈಯಾರೆ ಏಕೆ ಎಂಬುದಕ್ಕೆ ಜೇಡಿ ಬೇರ್ಪಡಿಸುವ ಒಂದೇ ಹಂತ ನೋಡಿದರೆ ಸಾಕು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಸಾವಯವ ಅಂಶ ತೆಗೆದು, ಸುಣ್ಣದಂಶ ಕಳೆದು, ಮಣ್ಣನ್ನು ನೀರಿನಲ್ಲಿ ಕದಡಿ ನಿಲ್ಲಿಸುತ್ತಾರೆ. 20 ಡಿಗ್ರಿ ಉಷ್ಣತೆಯಲ್ಲಿ ಎರಡು ಮೈಕ್ರಾನ್ ಕಣ 10 ಸೆಂಟಿಮೀಟರ್ ಇಳಿಯಲು ಸುಮಾರು 8 ಗಂಟೆ ಬೇಕು; ಪುಸ್ತಕದಲ್ಲಿರುವುದೂ ಅದೇ. ರಾಯಚೂರಿನ ಬೇಸಿಗೆಯಲ್ಲಿ, ನೀರು 35 ಡಿಗ್ರಿ ಇದ್ದಾಗ, ಅದು ಆರು ಗಂಟೆಯೊಳಗೇ ಇಳಿದುಬಿಡುತ್ತದೆ. ಪುಸ್ತಕ ನಂಬಿ 8 ಗಂಟೆ ಕಾದವನಿಗೆ ಮೇಲಿನ ನೀರಿನಲ್ಲಿ ಸಿಗುವುದು ಅದಕ್ಕಿಂತ ಸಣ್ಣ ಕಣಗಳು ಮಾತ್ರ. ಸ್ಮೆಕ್ಟೈಟ್ ಕಣವೇ ಸಾಮಾನ್ಯವಾಗಿ ಎಲ್ಲಕ್ಕಿಂತ ಸಣ್ಣದಾದ್ದರಿಂದ ಫಲಿತಾಂಶದಲ್ಲಿ ಅದರ ಪಾಲು ಸುಳ್ಳೇ ಉಬ್ಬುತ್ತದೆ. ಮುಂದೆ ಖನಿಜ ಗುರುತಿಸುವ ಎಕ್ಸ್-ರೇ ಯಂತ್ರ ಎಷ್ಟೇ ದುಬಾರಿಯದಾಗಿದ್ದರೂ ಈ ತಪ್ಪನ್ನು ತಿದ್ದಲಾರದು. ಅಲ್ಲಿಯೂ ಕಣ್ಣು ಪಳಗಬೇಕು: ಗ್ಲೈಕಾಲ್ ಆವಿ ಹೀರಿದ ಸ್ಮೆಕ್ಟೈಟ್‌ನ ಪದರದಂತರ ಸುಮಾರು 17 ಆಂಗ್‌ಸ್ಟ್ರಾಂಗೆ ಏರುತ್ತದೆ, 550 ಡಿಗ್ರಿಗೆ ಕಾಯಿಸಿದರೆ ಕೆಯೊಲಿನೈಟ್‌ನ 7 ಆಂಗ್‌ಸ್ಟ್ರಾಂ ಗುರುತು ಅಳಿಸಿಹೋಗುತ್ತದೆ.

ಅಂಥ ಯಂತ್ರ ತಾಲೂಕಿಗೊಂದು ಇಡಲಾದೀತೇ? ಆಗದು, ಬೇಕಾಗಿಯೂ ಇಲ್ಲ. 2008ರಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ರಾಯಚೂರು ನಗರ ತರಬೇತಿಗೆ ಸಹಜ ಕೇಂದ್ರ. ತಾಲೂಕು ಮಟ್ಟದಲ್ಲಿ ಮೊದಲ ಜಾಲರಿಯಾಗಿ ಭಾರತೀಯ ಮಾನಕ 2720ರ 40ನೇ ಭಾಗದ ಪರೀಕ್ಷೆ ಸಾಕು. ಜರಡಿ ಹಿಡಿದ ಒಣಮಣ್ಣು 10 ಗ್ರಾಂನಂತೆ ಎರಡು ಗಾಜಿನ ಅಳತೆಪಾತ್ರೆಗಳಲ್ಲಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡುವುದು, ಅಷ್ಟೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಎಷ್ಟು ಹೆಚ್ಚಾಯಿತೆಂಬುದೇ ಉತ್ತರ. ಎರೆ ಯಾವುದು, ಮಸಾರಿ ಯಾವುದು ಎಂದು ರೈತನಿಗೆ ಈ ಪರೀಕ್ಷೆಯಿಲ್ಲದೆಯೂ ಗೊತ್ತು, ಒಪ್ಪೋಣ. ಬಣ್ಣ ಮೋಸ ಮಾಡುವ ಮಿಶ್ರ ನೆಲದಲ್ಲಿ, ಕಾಲುವೆಯ ನೀರು ಬಂದ ಮೇಲೆ ಬದಲಾದ ಹೊಲದಲ್ಲಿ ಆ ತಿಳಿವಳಿಕೆ ತಡವರಿಸುತ್ತದೆ. ಉಬ್ಬಿದ್ದು ಸ್ಮೆಕ್ಟೈಟ್ ಹೆಚ್ಚಿರುವುದರಿಂದಲೋ ಸೋಡಿಯಂ ಸೇರಿದ್ದರಿಂದಲೋ ಎಂದು ಸೀಮೆಎಣ್ಣೆ ಪರೀಕ್ಷೆಯೂ ಹೇಳಲಾರದು. ಎಕ್ಸ್-ರೇ ಮೇಜಿಗೆ ಹೋಗಬೇಕಾದದ್ದು ಅಂಥ ಕೆಲವೇ ಮಾದರಿಗಳು.